ಕುಂಕುಮದ ಕೆಳಗಿನ ಹೆಸರು

ಟ್ರಂಕಿನ ಮುಚ್ಚಳ ಎತ್ತಿದ ಕೂಡಲೇ ಬಂದ ಆ ವಾಸನೆಯನ್ನು ನಿಮಗೆ ಹೇಗೆ ಹೇಳಲಿ? ಹಳೇ ಕಾಗದ, ಹೊಲಿಗೆ ಮಶೀನಿನ ಎಣ್ಣೆ, ಕರ್ಪೂರ, ಅದರೊಳಗೆ ಕುಂಕುಮದ ಒಣ ಘಾಟು. ನಿಮ್ಮ ಮನೆಯಲ್ಲೂ ಇಂಥದೊಂದು ಟ್ರಂಕು ಇದ್ದಿರಬೇಕು, ಇದ್ದು ಹೋಗಿರಬೇಕು. ಹೊಸ ಶತಮಾನ ಬಂದು ಮೂರ್ನಾಲ್ಕು ವರ್ಷವಾಗಿತ್ತು. ಪುಣೆಯ ಖಡಕಿಯಲ್ಲಿದ್ದ ನಮ್ಮ ಎರಡು ಕೋಣೆಯ ಮನೆ ಖಾಲಿ ಮಾಡಿ, ಭೋಸರಿಯಲ್ಲಿ ಲೇಥ್ ಕೆಲಸದಲ್ಲಿದ್ದ ಮಗನ ಒಂದೂವರೆ ಕೋಣೆಗೆ ನಾನೂ ಗಂಡನೂ ಹೋಗಬೇಕಿತ್ತು; ಅವರು ಮೊದಲ ಖೇಪಿನ ಸಾಮಾನಿನ ಜೊತೆ ಮುಂಚೆಯೇ ಹೋಗಿದ್ದರು. ಮೊಮ್ಮಗಳು ಹುಟ್ಟಿ ಎಂಟೇ ದಿನ. ನಾನು ಕಂಡಕಂಡವರ ಕೈಗೆಲ್ಲ ಸಕ್ಕರೆ ಹಾಕಿ, ಹಾಲು ಹಾಕಲು ಬಂದವನನ್ನೂ ನಿಲ್ಲಿಸಿ ಕೂಸಿನ ಮೂಗಿನ ವರ್ಣನೆ ಮಾಡಿ, ಒಬ್ಬಳೇ ಕೂತಾಗಲೂ ನಗುತ್ತಿದ್ದೆ. ಅಷ್ಟು ಸಂತೋಷದ ನಡುವೆ ಟ್ರಂಕಿನ ತಳದಿಂದ ಅಪ್ಪನ ಪುಸ್ತಕ ಕೈಗೆ ಬಂತು.

"ಯವ್ವಾ, ಹಾಳಿ ಮುಟ್ಟಿದ್ರ ಪುಡಿ ಆಗ್ತದ. ಹುಳಾ ಓಡ್ಯಾಡಾಕ ಹತ್ಯಾವ. ತೊಟ್ಟಿಲದ ಮಗ್ಗಲಕ್ಕ ಇದನ್ನ ಹೆಂಗ ಇಡೂದು?" ಎಂದ ಮಗ.

"ನನ್ನ ತಲೀ ಮ್ಯಾಲೆ ಇಡೋ," ಎಂದೆ.

"ನಿನ್ನ ತಲ್ಯಾಗ ಈಗ ಇದ್ದದ್ದ ನಮಗ ಸಾಕಾಗೇದ," ಎಂದು ನಕ್ಕ. ನಕ್ಕರೂ ಅವನು ಹೇಳಿದ್ದು ಖರೆ. ಇನ್ನೊಂದು ಮಳೆಗಾಲ ಆ ಪುಸ್ತಕ ಬಾಳುವಂತಿರಲಿಲ್ಲ.

ಅದು ಯುದ್ಧದ ಕಾಲದ ವಿಮಾನಗಳ ಪುಸ್ತಕ. ನಮ್ಮಪ್ಪ ಬೆಳಗಾವಿ ಕಡೆಯಿಂದ ಬಂದ ಸಿಂಪಿಗ. ಯುದ್ಧ ನಡೆದಾಗ ಲೋಹಗಾಂವದ ವಿಮಾನತಳದಲ್ಲಿ ಹರಿದ ಪ್ಯಾರಾಶೂಟು ಹೊಲಿಯುವ ಕೆಲಸಕ್ಕಿದ್ದ. ಅವನು ಹೊಲಿದ ಒಂದು ಪ್ಯಾರಾಶೂಟು ಆಕಾಶದಲ್ಲಿ ಸರಿಯಾಗಿ ಬಿಚ್ಚಿಕೊಂಡು ಒಬ್ಬ ಬಿಳಿ ಸಾಹೇಬನ ಜೀವ ಉಳಿಯಿತಂತೆ. ಆ ಸಾಹೇಬ ಊರಿಗೆ ಮರಳುವ ಮುಂಚೆ ಅಪ್ಪನನ್ನು ಹುಡುಕಿಕೊಂಡು ಬಂದು, ಮೊದಲ ಪುಟದಲ್ಲಿ ಬರೆದು, ಸಹಿ ಮಾಡಿ ಕೊಟ್ಟಿದ್ದ. ನಾನು ಹುಟ್ಟುವಾಗ ಆ ಗದ್ದಲವೆಲ್ಲ ಮುಗಿದಿತ್ತು. ಅಪ್ಪ ಮನೆಯ ಬಾಗಿಲಲ್ಲೇ ಮಶೀನು ಹಾಕಿಕೊಂಡು ಫೌಜಿನವರ ಚಡ್ಡಿ, ಅಂಗಿ ಹೊಲಿಯುತ್ತಿದ್ದ. ಸಂಜೆ ಮಶೀನಿನ ಗರಗರ ನಿಂತ ಮೇಲೆ ನನ್ನನ್ನು ತೊಡೆಯ ಮೇಲೆ ಕೂಡಿಸಿಕೊಂಡು ವಿಮಾನದ ಚಿತ್ರ ತೋರಿಸುತ್ತಿದ್ದ. ಅವನ ಬೆರಳಿಗೆ ಸದಾ ಎಣ್ಣೆ, ನೂಲಿನ ಧೂಳು. ಆ ಮೊದಲ ಪುಟಕ್ಕೆ ಬಂದಾಗ ಮಾತ್ರ ಕೈ ಒರೆಸಿಕೊಳ್ಳುತ್ತಿದ್ದ. "ಮ್ಯಾಲಿಂದು ನನ್ನ ಹೆಸರು, ಕೆಳಗಿಂದು ಸಾಹೇಬರ ಸಹಿ. ನಮ್ಮಂಥಾವರ ಹೆಸರು ಮ್ಯಾಲೆ ಇರೂದು ಇದೊಂದ ಕಡೆ ನೋಡವಾ," ಎನ್ನುತ್ತಿದ್ದ. ಅವನ ಫೋಟೋ ಒಂದೂ ಇಲ್ಲ. ಅಪ್ಪ ಎಂಬುವನೊಬ್ಬ ಇದ್ದ ಎನ್ನುವುದಕ್ಕೆ ಜಗತ್ತಿನಲ್ಲಿ ಇದ್ದದ್ದು ಆ ಒಂದು ಸಾಲು.

ನಮ್ಮವ್ವ ಗಂಡನ ಹೆಸರನ್ನು ಎಂದೂ ನಾಲಿಗೆಗೆ ತಂದವಳಲ್ಲ. ಮದುವೆ ಮನೆಗಳಲ್ಲಿ ಹೆಂಗಸರು ಒಡಪು ಕಟ್ಟಿ ಗಂಡನ ಹೆಸರು ಹೇಳಬೇಕಾದಾಗ ಎದ್ದು ನೀರು ಕುಡಿಯಲು ಹೋಗಿಬಿಡುತ್ತಿದ್ದಳು. ಆದರೆ ಖಂಡೇನವಮಿಯ ದಿನ ಕತ್ತರಿ, ಗಜಕಡ್ಡಿ, ಮಶೀನಿನ ಜೊತೆ ಆ ಪುಸ್ತಕವನ್ನೂ ಮಣೆಯ ಮೇಲಿಟ್ಟು, ಮೊದಲ ಪುಟ ತೆರೆದು, ಕುಂಕುಮ ಕಲಸಿದ ಒದ್ದೆ ಬೆರಳನ್ನು ಮೇಲಿನ ಸಾಲಿನ ಮೇಲೆ ಮೆಲ್ಲಗೆ ಒತ್ತುತ್ತಿದ್ದಳು. ಬಾಯಲ್ಲಿ ಹೇಳಬಾರದ ಹೆಸರನ್ನು ಬೆರಳಿನಿಂದ ಮುಟ್ಟುವುದು, ವರ್ಷಕ್ಕೊಮ್ಮೆ. ನನಗೆ ಒಂಬತ್ತು ವರ್ಷವಿದ್ದಾಗ ಅಪ್ಪ ಜ್ವರದಲ್ಲಿ ಹೋದ. ಆ ವರ್ಷದ ಖಂಡೇನವಮಿಗೆ ಅವ್ವ ಕುಂಕುಮದ ಬಟ್ಟಲನ್ನು ದೂರದಿಂದಲೇ ನನ್ನ ಕಡೆ ಸರಿಸಿದಳು. "ಇನ್ನ ಮ್ಯಾಲೆ ನೀ ಹಚ್ಚವಾ," ಎಂದಳು, ಅಷ್ಟೇ. ನನ್ನ ಶಾಲೆ ಅದೇ ವರ್ಷ ಮೂರನೇ ಇಯತ್ತೆಗೆ ನಿಂತಿತು. ಅಂದಿನಿಂದ ನಾನು ಹಚ್ಚುತ್ತಲೇ ಬಂದೆ, ಮದುವೆಯಾಗಿ ಎರಡು ಗಲ್ಲಿ ಆಚೆ ಹೋದ ಮೇಲೂ ಅವ್ವನ ಮನೆಗೆ ಬಂದು ಹಚ್ಚಿದೆ. ಅವಳು ತೀರಿದ ಮೇಲೆ ಪುಸ್ತಕ ನನ್ನ ಟ್ರಂಕಿಗೆ ಬಂತು. ಇಂಗ್ಲೀಷು ನನಗೆಲ್ಲಿ ಬರಬೇಕು? ಕೆಂಪು ಇದ್ದಲ್ಲಿ ಇನ್ನಷ್ಟು ಕೆಂಪು ಒತ್ತುತ್ತಿದ್ದೆ.

ಗಲ್ಲಿಯ ತುದಿಯಲ್ಲಿ ಒಬ್ಬ ಮುದಿ ಮಾಸ್ತರರು ಇದ್ದರು, ಮರಾಠಿಯವರು. ಯುದ್ಧಕಾಲದ ವಸ್ತುಗಳನ್ನು ಕೂಡಿಸಿ ಒಂದು ಶಾಲೆಯ ಗಾಜಿನ ಕಪಾಟಿನಲ್ಲಿ ಇಡುತ್ತಿದ್ದರು. ಮಗ ಅವರನ್ನು ಕರೆತಂದ. ಅವರು ಕನ್ನಡಕ ಏರಿಸಿ ಸಾಹೇಬನ ಸಹಿಯನ್ನು ಓದಿದರು, ಬಹಳ ಖುಷಿಪಟ್ಟರು. ಹುಳ ಹತ್ತದಂತೆ ಮದ್ದು ಹಾಕಿ ಗಾಜಿನೊಳಗೆ ಇಡುತ್ತೇನೆ ಎಂದರು. ನಾನು ಮೇಲಿನ ಸಾಲಿಗೆ ಬೆರಳಿಟ್ಟೆ. ಅವರು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು, ಓರೆ ಮಾಡಿ, ಮತ್ತೆ ನೋಡಿ, "ಆಜಿ, ಇಥಂ ಕುಣಾಚಂ ತರಿ ನಾವ ಹೋತಂ," ಎಂದರು.

ಇಲ್ಲಿ ಯಾರದೋ ಹೆಸರು ಇತ್ತು. ಇತ್ತು ಎಂದರು. ವರ್ಷ ವರ್ಷ ಒದ್ದೆ ಬೆರಳು ಒತ್ತಿ ಒತ್ತಿ ಶಾಯಿ ಕರಗಿ ಹೋಗಿತ್ತು. ಅವ್ವ ಹಚ್ಚಿದ್ದು ಹತ್ತು-ಹನ್ನೆರಡು ಸಲ, ಉಳಿದದ್ದೆಲ್ಲ ನಾನೇ. ಒದ್ದೆ ಅರಿವೆ ತಂದು ಒರೆಸಿದೆ, ಕೆಂಪು ಎದ್ದು ಬಂತು, ಅದರೊಡನೆ ಕಾಗದವೂ ಎದ್ದಿತು. ಇನ್ನೂ ಒರೆಸಿದೆ. ಮಗ ಕೈ ಹಿಡಿದುಕೊಂಡ. "ಬಿಡಬೇ, ತೂತ ಬಿತ್ತು." ಹೌದು, ಅಪ್ಪ ಇದ್ದಲ್ಲಿ ತೂತು ಬಿದ್ದಿತ್ತು. ಅದರಾಚೆ ಮುಂದಿನ ಪುಟದ ವಿಮಾನದ ರೆಕ್ಕೆ ಕಾಣುತ್ತಿತ್ತು. ಇಟ್ಟುಕೊಂಡರೆ ಹುಳದ ಪಾಲು. ಕೊಟ್ಟರೆ ಅದು ಬರೇ ಸಾಹೇಬನ ಪುಸ್ತಕ, ನಮ್ಮಪ್ಪ ಅದರಲ್ಲಿ ಎಲ್ಲೂ ಇಲ್ಲ. ನೆಲದ ಮೇಲೆ ಕೂತು, ಎಂಟು ದಿನದಿಂದ ನಕ್ಕದ್ದನ್ನೆಲ್ಲ ಅತ್ತೆ.

ಮಾಸ್ತರರು ಚೀಲದಿಂದ ಒಂದು ದಪ್ಪ ಕಾಗದ ತೆಗೆದು, ಕೊಟ್ಟವರ ಪೂರಾ ಹೆಸರು ಬರೆದರೆ ಅದನ್ನೂ ಪುಸ್ತಕದ ಪಕ್ಕದಲ್ಲೇ ಇಡುತ್ತೇನೆ ಎಂದರು. ನಮ್ಮ ಪುಣೆಯಲ್ಲಿ ಪೂರಾ ಹೆಸರೆಂದರೆ ನಡುವೆ ಅಪ್ಪನ ಹೆಸರು, ಹೆಣ್ಣಿಗೆ ಮದುವೆಯಾದ ಮೇಲೆ ಗಂಡನ ಹೆಸರು. ಮಗ ಹೇಳತೊಡಗಿದ್ದ. ನಾನು ಪೆನ್ನು ಕಸಿದುಕೊಂಡೆ. ಮೂರನೇ ಇಯತ್ತೆಯಲ್ಲಿ ಟೀಚರ್ ಬಾಯಿ ಹಾಜರಿ ಕರೆಯುವಾಗ ಇದ್ದ ಹೆಸರನ್ನು, ಒಂದೊಂದೇ ಅಕ್ಷರ, ಬರೆದೆ: ಗಂಗವ್ವ ರುದ್ರಪ್ಪ ಸಿಂಪಿ.

"ಯವ್ವಾ, ನಮ್ಮಪ್ಪನ ಹೆಸರ ಬಿಟ್ಟೆಲ್ಲಾ! ಇದು ನಡೀತದೇನು?"

"ನಿಮ್ಮಪ್ಪಗ ರೇಶನ್ ಕಾರ್ಡ್ ಅದ, ಲೈಟ್ ಬಿಲ್ ಅದ. ನಮ್ಮಪ್ಪಗ ಇದೊಂದ," ಎಂದೆ.

ಮಾಸ್ತರರು ಪುಸ್ತಕವನ್ನು ಧೋತರದ ತುಂಡಿನಲ್ಲಿ ಸುತ್ತಿ, ಕೂಸನ್ನು ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದರು. ಗಲ್ಲಿ ತಿರುಗುವ ತನಕ ನೋಡಿದೆ. ಹೊರಗೆ ಟೆಂಪೋದವನು ಹಾರ್ನು ಒತ್ತುತ್ತಿದ್ದ.

"ನಡೀಬೇ. ಹೋದಕೂಡ್ಲೇ ಕೂಸನ್ನ ಎತ್ಕೋತೀ, ಮೊದ್ಲ ಕೈ ತೊಳ್ಕೋ," ಎಂದ ಮಗ.

ನಲ್ಲಿಯ ಕೆಳಗೆ ಕೈ ಹಿಡಿದೆ. ನೀರು ಒಂದಿಷ್ಟು ಹೊತ್ತು ಕೆಂಪಗೆ ಹರಿಯಿತು. ಆಮೇಲೆ ಬರೇ ನೀರು.