ಸಂಗವ್ವನ ಇಬ್ಬರು ಅಳಿಯಂದಿರು

ಸಂಗವ್ವನಿಗೆ ಸಿಟ್ಟು ಬಂದರೆ ಇಡೀ ರಸ್ತೆಗೆ ಗೊತ್ತಾಗುತ್ತಿತ್ತು. ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಗಳ ಸಾಲಿನಲ್ಲಿ ಆಕೆಯದೊಂದು ಸಣ್ಣ ಖಾನಾವಳಿ. ಒಳಗಿಂದ ರೊಟ್ಟಿ ಬಡಿಯುವ ಸದ್ದು ಮೆತ್ತಗೆ ಬರುತ್ತಿದ್ದರೆ ಮನಸ್ಸು ತಣ್ಣಗಿದೆ ಎಂದರ್ಥ. ಪಟಪಟನೆ ರಸ್ತೆಯಾಚೆಗೂ ಕೇಳಿಸಿದರೆ ಯಾರಿಗೋ ಕಾದಿದೆ ಎಂದರ್ಥ. ಉಣ್ಣಲು ಹೋಗುವ ನಮಗೆ ಎರಡನೆಯದೇ ಲಾಭ. ಸಿಟ್ಟು ಬಂದ ದಿನ ರೊಟ್ಟಿ ಅಷ್ಟು ತೆಳ್ಳಗೆ, ಅಷ್ಟು ಅಗಲವಾಗಿ ಬರುತ್ತಿತ್ತು. "ಯವ್ವಾ, ಇವತ್ತ ಯಾರ್ನ ಬಡ್ಯಾಕತ್ತೀ?" ಎಂದು ಕೇಳಿದರೆ, "ನಿನ್ನ ಪಾಳಿ ಇನ್ನಾ ಬಂದಿಲ್ಲ, ಸುಮ್ಮ ಉಣ್ಣು" ಎನ್ನುತ್ತಿದ್ದಳು.

ಆಕೆ ರೊಟ್ಟಿ ಬಡಿಯುತ್ತಿದ್ದದ್ದು ಕೆಂಪು ಕಲ್ಲಿನ ಕಟ್ಟೆಯ ಮೇಲೆ. ಒಬ್ಬಳೇ ಮಗಳ ಗಂಡ ಬಸವರಾಜ ಎದುರಿನ ಕಾರ್ಖಾನೆಯಲ್ಲಿ ಪಾಲಿಶ್ ಯಂತ್ರದ ಕೆಲಸಗಾರ. ಅಂಚು ಮುರಿದು ಮೂಲೆಗೆ ಒಗೆದಿದ್ದ ಕಲ್ಲಿನ ಹಲಗೆಯೊಂದನ್ನು ಕೇಳಿ ತಂದು, ಮುಖ ಕಾಣುವ ಹಾಗೆ ಉಜ್ಜಿ, ಸಿಮೆಂಟು ಹಾಕಿ ಕೂಡಿಸಿಕೊಟ್ಟಿದ್ದ. ಹೊಸಬರು ಬಂದರೆ ಅವರಿಗೆ ಊಟಕ್ಕಿಂತ ಮೊದಲು ಈ ಕಟ್ಟೆಯ ದರ್ಶನವಾಗಬೇಕು. "ಅಮೆರಿಕಾದವ್ರೂ ಅಡಗಿಮನಿ ಕಟ್ಟಿಗೆ ಇದ ಕಲ್ಲ ಹಾಕ್ತಾರಂತ. ರೊಟ್ಟಿ ಬಡಿಯಾಕ ಬರಂಗಿಲ್ಲ, ಏನಿಲ್ಲ. ಅದರ ಮ್ಯಾಲ ಏನ ಮಾಡ್ತಾರೋ ನಮ್ಮಪ್ಪಾ!" ಎಂದು ಗಲ್ಲಕ್ಕೆ ಕೈ ಹಚ್ಚುತ್ತಿದ್ದಳು.

ನಾನು ಹುನಗುಂದದಿಂದ ದಿನಾ ಬಸ್ಸಿನಲ್ಲಿ ಬಂದು ಇಳಕಲ್ಲಿನ ಒಂದು ಶೇರು ಕಚೇರಿಯಲ್ಲಿ ಕೂರುವವನು. ಜನರ ಪರವಾಗಿ ಶೇರು ಕೊಳ್ಳುವುದು, ಮಾರುವುದು ನಮ್ಮ ಕೆಲಸ. ಮಧ್ಯಾಹ್ನ ಊಟಕ್ಕೆ ಬಂದವನು ಖಾನಾವಳಿಯ ಟಿವಿಯಲ್ಲಿ ಶೇರು ಪೇಟೆಯ ಸುದ್ದಿ ಹಚ್ಚುತ್ತಿದ್ದೆ. ಕ್ರಿಕೆಟ್ ನೋಡಬೇಕೆಂದು ಕೂತ ಕೆಲಸಗಾರರು ಹಲ್ಲು ಕಡಿಯುತ್ತಿದ್ದರು. ಒಂದು ದಿನ ಸಂಗವ್ವ, "ಅದ್ಯಾಕ ಯಾವಾಗ್ಲೂ ಕೆಂಪು ಹಸರ ಅಂಕಿ ಬರ್ತಾವ?" ಎಂದು ಕೇಳಿದಳು. ಕಂಪನಿ ಚೆನ್ನಾಗಿ ನಡೆಯುತ್ತಿದ್ದರೂ ಹಣ ಹಾಕಿದವರ ಮನಸ್ಸು ಕೆಟ್ಟರೆ ಶೇರು ಬಿದ್ದು ಕೆಂಪಾಗುತ್ತದೆ, ಮನಸ್ಸು ಖುಷಿಯಾದರೆ ಏರಿ ಹಸಿರಾಗುತ್ತದೆ, ಅದಕ್ಕೆ ಹೂಡಿಕೆದಾರರ ಭಾವನೆ ಅನ್ನುತ್ತಾರೆ ಎಂದು ವಿವರಿಸಿದೆ.

"ಹಂಗಂದ್ರ ಅಳ್ಯಾ ಅನ್ನು" ಎಂದಳು. "ಹಬ್ಬಕ್ಕ ಕರದಿರ್ತೀವಿ. ತುಪ್ಪ ಕಡಿಮಿ ಆತಂತ ತಾಟ ಬಿಟ್ಟ ಏಳ್ತಾನ. ಮಂದಿ ಎಲ್ಲಾ ಅವನ ಬೆನ್ನ ಹತ್ತಿ ಓಡ್ತಾರ. ಯಾಕ ಸಿಟ್ಟಾದಿ ಅಂತ ಕೇಳಾಕ ಯಾರಿಗೂ ಧೈರ್ಯ ಇಲ್ಲ."

ಅಂದಿನಿಂದ ಶೇರು ಪೇಟೆಗೆ ಆ ಖಾನಾವಳಿಯಲ್ಲಿ ಅಳಿಯ ಎಂದೇ ಹೆಸರಾಯಿತು. ನಾನು ಕೈ ತೊಳೆಯುವ ಮೊದಲೇ "ಅಳ್ಯಾ ಹೆಂಗದಾನ?" ಎಂಬ ಪ್ರಶ್ನೆ. "ಮುನಿಸ್ಕೊಂಡಾನ" ಎಂದರೆ "ಹಚ್ಚು ಅವಗ ತುಪ್ಪ" ಎಂದು ನಗುವುದು. ತನ್ನ ಸ್ವಂತ ಅಳಿಯನನ್ನು ಮಾತ್ರ ಆಕೆ ಹಾಗೆ ಕರೆದದ್ದಿಲ್ಲ. ಅವನು ಯಾವಾಗಲೂ ಬಸವರಾಜನೇ. ಬಸವರಾಜನೋ, ಬಡಿಸಿದ್ದು ಉಂಡು, ತನ್ನ ತಾಟು ತಾನೇ ತೊಳೆದಿಟ್ಟು ಹೋಗುವ ಮನುಷ್ಯ. ಸಾರಿಗೆ ಉಪ್ಪು ಮರೆತ ದಿನವೂ ಅವನ ಬಾಯಿಂದ ಒಂದು ಮಾತು ಬಂದದ್ದನ್ನು ನಾನು ಕೇಳಿಲ್ಲ.

ಆಮೇಲೆ ಅಮೆರಿಕದವರು ನಮ್ಮ ಸರಕಿನ ಮೇಲೆ ಸುಂಕ ಏರಿಸಿದರು. ಟಿವಿ ತುಂಬ ಕೆಂಪು. ಕೋಟು ಹಾಕಿದ ನಿರೂಪಕ ತನ್ನ ಮನೆಗೇ ಬೆಂಕಿ ಬಿದ್ದವನಂತೆ ಕೂಗುತ್ತಿದ್ದ. ಹೂಡಿಕೆದಾರರ ಭಾವನೆಗೆ ಪೆಟ್ಟು, ಭಾವನೆಗೆ ಆಘಾತ, ಭಾವನೆ ಚೇತರಿಸಿಕೊಳ್ಳಲು ಎಷ್ಟು ದಿನ ಬೇಕು! ಎದುರಿನ ಕಾರ್ಖಾನೆಯ ಕಲ್ಲು ಹೆಚ್ಚಾಗಿ ಹೋಗುತ್ತಿದ್ದದ್ದು ಆ ದೇಶಕ್ಕೇ. ಕೊಳ್ಳುವವನು, "ಸುಂಕ ನಾನು ಕಟ್ಟಬೇಕು, ನೀವು ರೇಟು ಇಳಿಸಿ, ಇಲ್ಲವೇ ಕಲ್ಲು ಕಳಿಸುವುದನ್ನು ನಿಲ್ಲಿಸಿ" ಎಂದನಂತೆ. ಕೊಯ್ದು ಪಾಲಿಶ್ ಮಾಡಿ ಕಟ್ಟಿಟ್ಟ ಹಲಗೆಗಳು ಅಂಗಳದಲ್ಲೇ ನಿಂತವು. ಯಂತ್ರ ನಿಂತಿತು. ಕರೆದಾಗ ಬನ್ನಿ ಎಂದು ಹೇಳಿ ಬಸವರಾಜನನ್ನೂ ಉಳಿದವರನ್ನೂ ಮನೆಗೆ ಕಳಿಸಿದರು. ಈ ಸುದ್ದಿ ಯಾವ ಟಿವಿಯಲ್ಲೂ ಬರಲಿಲ್ಲ.

ಸಂಗವ್ವ ನನ್ನನ್ನು ಬಿಡಲಿಲ್ಲ. "ಸುಂಕ ಹಾಕಿದ್ದು ಕಲ್ಲಿಗೆ. ಬ್ಯಾಂಕಿನ ಶೇರು ಯಾಕ ಬಿತ್ತು?"

"ಹೆದರಿಕಿ ಯವ್ವಾ. ಒಬ್ಬ ಮಾರಿದ ಅಂದ್ರ ಇನ್ನೊಬ್ಬಗ ಹೆದರಿಕಿ. ಎಲ್ಲಾರೂ ಮಾರಾಕ ನಿಲ್ತಾರ."

"ಅವರ ಹೆದರಿಕೀನ ದಿನಾ ಟಿವಿಯಾಗ ತೋರಸ್ತಾರ. ನನ್ನ ಮಗಳು ಚಿಂತ್ಯಾಗ ನಿನ್ನಿ ಮುಂಜಾನಿಂದ ಉಂಡಿಲ್ಲ. ಅದನ್ನ ಯಾರ್ ತೋರಸ್ತಾರ?"

ಆ ದಿನ ರೊಟ್ಟಿ ಬಹಳ ತೆಳ್ಳಗೆ ಬಂದಿತ್ತು. ನಾನು ಒಂದೇ ಉಂಡು ಕೈ ತೊಳೆದೆ.

ಕೆಲವು ದಿನ ಕಳೆದವು. ಸುಂಕವನ್ನು ಮುಂದೂಡಿದರೂ ಮುಂದೂಡಬಹುದು ಎಂದು ಅಮೆರಿಕ ಸರಕಾರದ ಯಾರೋ ಒಂದು ಮಾತು ಆಡಿದರು. ಅಷ್ಟೇ. ಆಡಿದ್ದು ಒಂದು ಮಾತು, ಸಹಿ ಇಲ್ಲ, ಆದೇಶ ಇಲ್ಲ. ನಮ್ಮ ಶೇರು ಪೇಟೆ ಎದ್ದು ಕುಣಿಯಿತು. ನನ್ನ ಕಚೇರಿಯಲ್ಲಿ ಫೋನು ಕೆಳಗಿಡಲು ಪುರುಸೊತ್ತಿಲ್ಲ. ಎದುರಿನ ಕಾರ್ಖಾನೆಯ ಸಾವುಕಾರರು ಪೇಟೆ ಬಿದ್ದಾಗ ಧೈರ್ಯ ಮಾಡಿ ಶೇರು ಕೊಂಡಿದ್ದರು. ಅವು ಏರಿದ ಖುಷಿಗೆ ಅಮೀನಗಡದಿಂದ ಕರದಂಟಿನ ಸಿಹಿ ಪೊಟ್ಟಣ ತರಿಸಿ ಸಾಲಿನ ಅಂಗಡಿಗಳಿಗೆಲ್ಲ ಹಂಚಿಸಿದರು.

ಕಾರ್ಖಾನೆಯಿಂದ ಕರದಂಟು ಬಂತೆಂದರೆ ಈ ರಸ್ತೆಯಲ್ಲಿ ಒಂದೇ ಅರ್ಥ. ದೊಡ್ಡ ಆರ್ಡರ್ ಸಿಕ್ಕಾಗ, ಹೊಸ ಯಂತ್ರ ಕೂಡಿಸಿದಾಗ, ನಿಂತ ಕೆಲಸ ಮತ್ತೆ ಶುರುವಾದಾಗ ಅವರು ಹಂಚುವುದು ಅದನ್ನೇ. ಸಂಗವ್ವ ಪೊಟ್ಟಣ ಬಿಚ್ಚಿ ನೋಡಿದವಳೇ ಮಗಳಿಗೆ ಫೋನು ಹಚ್ಚಿದಳು. ಬಾಗಲಕೋಟೆಯಲ್ಲಿ ಬೇರೆ ಕೆಲಸ ಕೇಳಲು ಬಸ್ಸು ಹತ್ತಿ ಕೂತಿದ್ದ ಬಸವರಾಜ ಇಳಿದು ಬಂದ. ಉಳಿದವರಿಗೂ ಸುದ್ದಿ ಮುಟ್ಟಿತು. ಊಟದ ಡಬ್ಬಿ ಹಿಡಿದು, ಕೆಲಸದ ಅಂಗಿ ಹಾಕಿಕೊಂಡು ಎಲ್ಲರೂ ಗೇಟಿನ ಮುಂದೆ ನಿಂತರು. ಕಾವಲುಗಾರ ಗೇಟು ತೆಗೆಯಲಿಲ್ಲ. ಯಾರೂ ಕರೆದಿಲ್ಲ, ಹೋಗಿ ಎಂದ.

ನಾನು ಊಟಕ್ಕೆ ಬಂದದ್ದು ಅದೇ ಹೊತ್ತಿಗೆ. ವಿಷಯ ಬಿಡಿಸಿ ಹೇಳಬೇಕಾದವನು ನಾನೇ ಆದೆ. ಶೇರು ಪೇಟೆಗೆ ಬರೀ ಒಂದು ಮಾತು ಸಾಕು, ಕಲ್ಲು ಕೊಳ್ಳುವವನಿಗೆ ಖಾತ್ರಿ ಬೇಕು ಎಂದೆ. ಸಿಹಿ ಹಂಚಿದ್ದು ಶೇರು ಏರಿದ್ದಕ್ಕೆ, ಕೆಲಸ ಶುರುವಾದದ್ದಕ್ಕಲ್ಲ ಎಂದೆ. ಸಂಗವ್ವ ಪೂರಾ ಕೇಳಿಸಿಕೊಂಡಳು. ಆಮೇಲೆ ಒಲೆಯ ಮೇಲಿನ ಹಂಚು ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು, ಪೊಟ್ಟಣ ಹಿಡಿದು ಹೊರಟಳು. ಕಾವಲುಗಾರ ಈಕೆಯ ಮುಖ ನೋಡಿಯೇ ಗೇಟು ತೆಗೆದ. ನಾನೂ ಹಿಂದೆಯೇ ಹೋದೆ.

ಸಾವುಕಾರರು ಕೆಟ್ಟವರೇನಲ್ಲ. ಎದ್ದು ನಿಂತು, "ಸಂಗವ್ವಾ, ಕೂಡು. ಇದು ನಮ್ಮ ಶೇರಿನ ಸಂತೋಷಕ್ಕ ಕೊಟ್ಟದ್ದು. ತಪ್ಪು ತಿಳ್ಕೋಬ್ಯಾಡ" ಎಂದರು.

"ತಪ್ಪು ತಿಳ್ಕೊಂಡಾಕಿ ನಾನ ಖರೆ ಸಾವ್ಕಾರ್ರ" ಎಂದು ಆಕೆ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. "ನಿಮ್ಮ ಅಳ್ಯಾ ಸಿಟ್ಟು ಮಾಡ್ಕೊಂಡ, ಊರಿಗೆ ಊರ ಅವನ ಕಾಲ ಹಿಡೀತು. ಈಗ ನಕ್ಕ, ಸಕ್ಕರಿ ಹಂಚಿದ್ರಿ. ನನ್ನ ಅಳ್ಯಾ ಬಿಸಲಾಗ ನಿಮ್ಮ ಗೇಟಿನ ಹೊರಗ ನಿಂತಾನ. ಅವಗ ಭಾವನಾ ಇಲ್ಲೇನ್ರಿ?"

ಬಸವರಾಜನನ್ನು ಆಕೆ ಅಳಿಯ ಎಂದದ್ದು ಅದೇ ಮೊದಲು. ಸಾವುಕಾರರು ತಲೆ ತಗ್ಗಿಸಿ, ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ಅದು ಸುಳ್ಳೂ ಅಲ್ಲ. ನನಗೆ ಇವತ್ತಿಗೂ ಮೈ ಉರಿಯುವುದು ಅದಕ್ಕೇ. ಯಾರ ಕೈಯಲ್ಲೂ ಏನೂ ಇಲ್ಲ. ಸುಂಕ ಹಾಕಿದವನು ನಮ್ಮ ಕೈಗೆ ಸಿಗುವುದಿಲ್ಲ, ಕೊಳ್ಳುವವನು ಫೋನು ಎತ್ತುವುದಿಲ್ಲ, ಸಾವುಕಾರರು ಪಾಪ ಅಸಹಾಯಕರು. ನಾನೂ ನನ್ನ ಕುರ್ಚಿಯಲ್ಲಿ ಕೂತು ಹಸಿರು ಅಂಕಿ ನೋಡಿ ಗಿರಾಕಿಗಳಿಗೆ ಅಭಿನಂದನೆ ಹೇಳುವವನು. ಆದರೆ ಗೇಟು ಮಾತ್ರ ಪ್ರತಿ ಸಲವೂ ಬಸವರಾಜನ ಮುಖದ ಮೇಲೇ ಮುಚ್ಚುತ್ತದೆ. ಇದಕ್ಕೆ ನಾವು ಅರ್ಥಶಾಸ್ತ್ರ ಎಂದು ಹೆಸರಿಟ್ಟಿದ್ದೇವೆ. ಥೂ!

ಸುಂಕ ಹೋಗುತ್ತದೆ, ಬರುತ್ತದೆ ಎನ್ನುವುದರಲ್ಲೇ ತಿಂಗಳುಗಳು ಹೋದವು. ಬಸವರಾಜ ಹೆಂಡತಿಯನ್ನು ಕರೆದುಕೊಂಡು ಗೋವಾಕ್ಕೆ ಹೋದ. ಉಳಿದ ಕೆಲಸಗಾರರೂ ಒಬ್ಬೊಬ್ಬರಾಗಿ ಚದುರಿದರು. ಉಣ್ಣುವವರೇ ಇಲ್ಲದ ಮೇಲೆ ಸಂಗವ್ವ ಖಾನಾವಳಿ ಮುಚ್ಚಿದಳು. ಪಾತ್ರೆ, ಹಂಚು ಎಲ್ಲ ಸಾಗಿಸಿದಳು. ಕಟ್ಟೆಯ ಕಲ್ಲನ್ನು ಮಾತ್ರ ಬಿಟ್ಟಳು. ಕೀಳಲು ಹೋದರೆ ಒಡೆಯುತ್ತದೆ ಎಂದಳಂತೆ.

ಕಡೆಯ ಸಲ ನಾನು ಆಕೆಯನ್ನು ನೋಡಿದ್ದು ಹುನಗುಂದದ ಬಸ್ ನಿಲ್ದಾಣದಲ್ಲಿ. ಕಮತಗಿಯ ತವರಿಗೆ ಹೊರಟಿದ್ದಳು. ಚಹಾದಂಗಡಿಯ ಟಿವಿಯಲ್ಲಿ ಪೇಟೆ ಹಿಂದೆಂದೂ ಇಲ್ಲದಷ್ಟು ಮೇಲೆ ಹೋಗಿದೆ, ಹೂಡಿಕೆದಾರರ ಭಾವನೆ ಪೂರ್ತಿ ಚೇತರಿಸಿಕೊಂಡಿದೆ ಎಂದು ಹೇಳುತ್ತಿದ್ದರು. ಆಕೆ ಅತ್ತ ತಿರುಗಿಯೂ ನೋಡಲಿಲ್ಲ.

"ಬಸವರಾಜ ಹೆಂಗದಾನ ಯವ್ವಾ?"

"ಅದಾನ. ಯಾವ್ದೋ ದೊಡ್ಡ ಹೊಟೇಲಿನಾಗ ನೆಲಾ ಒರಸ್ತಾನ. ಆ ನೆಲಾ ನಮ್ಮ ಕೆಂಪುಕಲ್ಲಿಂದ ಅಂತ. ಫೋನಿನಾಗ ಅದನ್ನ ಹೇಳಿ ನಕ್ಕ."

"ನಕ್ಕನಾ?"

"ನಕ್ಕ. ಅದಕ್ಕ ನನಗ ಸಿಟ್ಟು." ಬಸ್ಸು ಬಂದು ನಿಂತಿತು. ಆಕೆ ಚೀಲ ಬಗಲಿಗೆ ಹಾಕಿಕೊಂಡಳು. "ಅವಗ ಮುನಿಸ್ಕೊಳ್ಳಾಕ ಬರಂಗಿಲ್ಲ ತಮ್ಮಾ. ಒಂದ ಸಲನರ ತಾಟ ಬಿಟ್ಟ ಎದ್ದಿದ್ರ, ಯಾರರ ಬೆನ್ನ ಹತ್ತಿ ಬರ್ತಿದ್ರೋ ಏನೋ."

ಈಗಲೂ ದಿನಾ ಆ ಖಾನಾವಳಿಯ ಮುಂದಿನಿಂದಲೇ ಕಚೇರಿಗೆ ಹೋಗುತ್ತೇನೆ. ಬಾಗಿಲಿಗೆ ಬೀಗ. ಕಿಟಕಿಯಲ್ಲಿ ಇಣುಕಿದರೆ ಒಳಗೆ ಕೆಂಪು ಕಟ್ಟೆ ಖಾಲಿ ಬಿದ್ದಿದೆ. ಆ ರಸ್ತೆಯಲ್ಲಿ ಯಾರಿಗೆ ಎಷ್ಟು ಸಿಟ್ಟು ಬಂದಿದೆ ಎಂದು ಈಗ ಯಾರಿಗೂ ಕೇಳಿಸುವುದಿಲ್ಲ.