ಮಾಳಿಗೆಯ ಮೇಲಿನ ಮಣ್ಣು

ಮಳೆಗಾಲದ ಮುಂದೆ ತೊರಗಲ್ಲಿನ ಭರಮಪ್ಪನನ್ನು ಹಿಡಿಯುವುದೆಂದರೆ ಮದುವೆ ಸುಗ್ಗಿಯಲ್ಲಿ ಅಡಿಗೆಯವನನ್ನು ಹಿಡಿದಂತೆ. ಮಣ್ಣಿನ ಮಾಳಿಗೆಗಳು ಸೋರಬಾರದೆಂದು ವರ್ಷವರ್ಷವೂ ಅವುಗಳ ಮೇಲೆ ನೀರು ಇಳಿಯಗೊಡದ ಸವಳು ಮಣ್ಣು ಹಾಕಿ ಬಡಿಯುವುದು ಅವನ ಕಸುಬು. ಹಳೆಯದನ್ನು ತೆಗೆಯುವ ಪದ್ಧತಿಯೇ ಇಲ್ಲ. ಅಜ್ಜ ಹಾಕಿದ್ದರ ಮೇಲೆ ಅಪ್ಪ, ಅಪ್ಪ ಹಾಕಿದ್ದರ ಮೇಲೆ ಮಗ. "ನಾ ಮಣ್ಣ ಹಾಕಿದ ಮಾಳಗಿ ಸೋರಿದ್ರ ಮೀಸಿ ಬೋಳಿಸ್ಕೋತೇನಿ" ಎನ್ನುತ್ತಿದ್ದ. ಜಂಬವೇ ಇರಲಿ ಬಿಡಿ, ಸೋರಿದ್ದಂತೂ ಇಲ್ಲ.

ತೊಂಬತ್ಮೂರರಲ್ಲಿ, ಗಣಪತಿ ಕಳಿಸಿದ ಮರುದಿನ ನಸುಕಿಗೆ ಮಹಾರಾಷ್ಟ್ರದ ಕಿಲ್ಲಾರಿ ಕಡೆ ಭೂಮಿ ನಡುಗಿತು. ಇಲ್ಲಿ ಬರೀ ಗಡಿಗೆಗಳು ಕಟಕಟ ಎಂದವು. ಅಲ್ಲಿ ಊರಿಗೆ ಊರೇ ಹೂತುಹೋದ ಸುದ್ದಿ ಬಂತು. "ಭೂಮಿ ಹೊತ್ತ ಶೇಷಪ್ಪ ಹೆಡಿ ಬದಲಿಸ್ಯಾನ" ಎಂದು ಹೆಂಡತಿ ಶಟ್ಟೆವ್ವ ಹುತ್ತಕ್ಕೆ ಹಾಲೆರೆದು ಬಂದಳು. ರಾಮದುರ್ಗದಿಂದ ಚಾವಡಿಗೆ ಬಂದ ಅಂದಾನೆಪ್ಪ ಮಾಸ್ತರರು ಬೇರೆಯೇ ಹೇಳಿದರು: ನೆಲದಾಳದಲ್ಲಿ ಬಂಡೆಗೆ ಬಂಡೆ ಒತ್ತುತ್ತಿರುತ್ತದೆ, ತಾಳಲಾರದಾದಾಗ ಬಿರುಕಿನಗುಂಟ ಜಾರಿ ನೆಲ ಅದುರುತ್ತದೆ.

"ಭೂಮಿ ಯಾರನೂ ಕೊಲ್ಲಲಿಲ್ರಿ. ಮಾಳಗಿ ಮ್ಯಾಲ ತಲಿತಲಾಂತರದಿಂದ ಹೇರಿದ ಮಣ್ಣು ಮಲಗಿದ್ದವರ ಮ್ಯಾಲ ಬಿತ್ತು."

"ಇಲ್ಲೂ ಆಕ್ಕೈತೇನ್ರಿ ಸರ?" ಭರಮಪ್ಪ ಕೇಳಿದ.

"ಆಗಬಹುದು, ಆಗದೇನೂ ಇರಬಹುದು. ಯಾವಾಗ ಅಂತ ಯಾರಿಗೂ ಹೇಳಾಕ ಬರಂಗಿಲ್ಲ."

ಇದೆಂಥ ಮಾತಪ್ಪ! ಮಳೆಯಾದರೆ ಮೋಡ ನೋಡಿಯಾದರೂ ಹೇಳಬಹುದು. ಭರಮಪ್ಪನಿಗೆ ತಲೆಬುಡ ತಿಳಿಯಲಿಲ್ಲ. ತಿಳಿದದ್ದು ಒಂದೇ: ಮನೆಯಲ್ಲಿ ಮಗಳು ಸೋಮವ್ವ ಹಸಿ ಬಾಣಂತಿ, ಅವಳ ಕೂಸು ತಾನೇ ಹೇರಿದ ಮಣ್ಣಿನಡಿ ಮಲಗಿದೆ. ಮಾಳಿಗೆ ಏರಿ ಅಗೆದ. ಮೊಣಕಾಲುದ್ದ ಇಳಿದರೂ ಜಂತಿ ಸಿಗಲಿಲ್ಲ. ಬುಟ್ಟಿ ಬುಟ್ಟಿ ತುಂಬಿ ಕೆಳಗೆ ಸುರಿದ.

"ಭರಮಪ್ಪಣ್ಣಾ, ತಲಿ ಕೆಟ್ಟೈತೇನ?" ನೆರೆಮನೆಯ ಗಂಗಪ್ಪ ಕೂಗಿದ. ಕೆಟ್ಟಿದೆಯೋ ಇಲ್ಲವೋ, ಅದೂ ಅವನಿಗೆ ಗೊತ್ತಾಗಲಿಲ್ಲ.

ಅದೇ ವಾರ ಹಿಂಗಾರಿ ಮಳೆ ಹೊಡೆಯಿತು. ಬಾಣಂತಿ ಕೋಣೆಯಲ್ಲಿ ತಟತಟ ನೀರು. ಕೂಸಿಗೆ ನೆಗಡಿಯಾಗಿ ಎದೆ ಗೊರಗೊರ ಎನ್ನತೊಡಗಿತು.

"ಬರೂದೋ ಇಲ್ಲೋ ಗೊತ್ತಿಲ್ಲದ್ದಕ್ಕ ಅಂಜಿ, ಬಂದ ಮಳ್ಯಾಗ ಕೂಸಿನ್ನ ತೊಯ್ಸಿದ್ರೆಲ್ರಿ!" ಶಟ್ಟೆವ್ವ ಹಣೆ ಬಡಿದುಕೊಂಡಳು. ಅವಳ ಮಾತು ಸುಳ್ಳಲ್ಲ. ಮಾಸ್ತರರ ಮಾತೂ ಸುಳ್ಳಲ್ಲ. ಹಾಗಾದರೆ ಮನುಷ್ಯ ಮಾಡುವುದೇನು? ಭರಮಪ್ಪನಿಗೆ ಅಳು ಬಂತು.

ಮರುದಿನ ಸವದತ್ತಿಯಿಂದ ಅಳಿಯ ಅರ್ಜುನ ಟೆಂಪೋ ತಂದ. "ಇಬ್ಬರನೂ ಕರಕೊಂಡ ಹೊಕ್ಕೇನ್ರಿ ಮಾವಾರ. ನಮ್ಮನ್ಯಾಗ ಒಂದ ಹನಿ ಸೋರಂಗಿಲ್ಲ. ಲಗ್ನದ ವರ್ಷ ನೀವ ಬಂದು ದಪ್ಪಗ ಮಣ್ಣ ಹಾಕೀರಲ್ರಿ, ಇನ್ನೇನ ಚಿಂತಿ?"

ಅಲ್ಲಿಯೂ ತಾನೇ ಹೇರಿದ ಮಣ್ಣೆಂದು ಭರಮಪ್ಪನಿಗೆ ನೆನಪಾಯಿತು. ಸಲಿಕೆ ಎತ್ತಿಕೊಂಡು ತಾನೂ ಟೆಂಪೋ ಹತ್ತಿದ.

"ಮಣ್ಣ ಹಾಕಾಕ ಬರತೀಯೇನ ಅಪ್ಪಾ, ತಗ್ಯಾಕೋ?" ಕೂಸಿಗೆ ಸೆರಗು ಹೊದಿಸುತ್ತ ಸೋಮವ್ವ ಕೇಳಿದಳು.

ಅವನು ಕೂಸಿನ ಮುಖವನ್ನೇ ನೋಡಿದ.

"ನನಗ ತಿಳಿವಲ್ದವಾ" ಎಂದ.