ನಮ್ಮತ್ತೆ ಸುಮ್ಮನೆ ಕೂತ ಭಾನುವಾರ

ನಮ್ಮ ಅತ್ತೆಯವರ ಎರಡೂ ಕಿವಿಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ಬರೀ ತೂತುಗಳು. ಹಗಲೆಲ್ಲ ಆ ತೂತುಗಳಲ್ಲಿ ಬಂಗಾರ ಇರುತ್ತಿತ್ತು: ಓಲೆ, ಬುಗುಡಿ, ಬಾವಲಿ, ಒಂದರಿಂದ ಇನ್ನೊಂದಕ್ಕೆ ಇಳಿಬಿಟ್ಟ ಸರಪಳಿ. ನಾಟಕದ ದಿನ ಸಂಜೆಯಾಯಿತೆಂದರೆ ಒಂದೂ ಇರುತ್ತಿರಲಿಲ್ಲ. ಊರ ಹೆಂಗಸರೆಲ್ಲ ಇದ್ದಬದ್ದ ಒಡವೆ ಹೇರಿಕೊಂಡು ಥೇಟರಿಗೆ ಹೊರಟರೆ, ಇವರು ಒಲೆಯ ಮುಂದೆ ಕೂತು ಒಂದೊಂದಾಗಿ ಬಿಚ್ಚಿ ಅರಿಷಿಣದ ಡಬ್ಬಿಗೆ ಹಾಕುತ್ತಿದ್ದರು. "ಕಿವ್ಯಾಗ ಸರಪಳಿ ಗಿಲಿಗಿಲಿ ಅಂದ್ರ ಹಾರ್ಮೋನಿಯಂ ಎಂಗ ಕೇಳಬೇಕು? ನಾ ನೋಡಾಕ ಹೋಗಾಕಿ, ತೋರ್ಸಾಕಲ್ಲ" ಎನ್ನುತ್ತಿದ್ದರು. ಬೋಳು ಕಿವಿಯ ಆ ಮುಖ ಮೊದಲ ಸಲ ಕಂಡಾಗ ನನಗೆ ಗಾಬರಿಯೇ ಆಗಿತ್ತು.

ಅತ್ತೆಯೆಂದರೆ ಹುಲಿ, ತಲೆ ಎತ್ತಬೇಡ ಎಂದು ದೇವನಕೊಂಡದಲ್ಲಿ ಬಂಡಿ ಹತ್ತಿಸುವಾಗ ನಮ್ಮವ್ವ ಹೇಳಿ ಕಳಿಸಿದ್ದಳು. ಆದೋನಿಗೆ ಬಂದು ನೋಡಿದರೆ ಈ ಹುಲಿಗೆ ಇದ್ದದ್ದು ಒಂದೇ ಚಿಂತೆ, ಮುಂದಿನ ನಾಟಕ ಕಂಪನಿ ಯಾವಾಗ ಬರುತ್ತದೆ ಎಂಬುದು. ನಾನು ಮನೆ ತುಂಬಿದ ವಾರದಲ್ಲೇ ಅಡುಗೆಮನೆಗೆ ಕರೆದು, ಉಪ್ಪು ಎಲ್ಲಿ ಹುಳಿ ಎಲ್ಲಿ ಎಂದು ತೋರಿಸುವ ಬದಲು, "ನಾಟಕ ನೋಡೀ ಏನು ನೀನು?" ಎಂದು ಕೇಳಿದರು. ಬಯಲಾಟ ನೋಡಿದ್ದೇನೆ, ಕಂಪನಿ ನಾಟಕ ಇಲ್ಲ ಎಂದೆ. "ಅಯ್ಯ ನನ ಮಗಳ! ಇಷ್ಟು ದಿನ ಏನ್ ಮಾಡಿದಿ ಹಂಗಾರ?" ಎಂದು ನಿಜವಾಗಿಯೂ ಮರುಗಿದರು. ಹತ್ತಿ ಮಾರ್ಕೆಟ್ಟಿನ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ಮಾವ ನಾಟಕದ ವಿಷಯಕ್ಕೆ ಹಾಕಿದ್ದ ಷರತ್ತು ಒಂದೇ, ಒಬ್ಬಳೇ ಹೋಗಬಾರದು. ನಾನು ಬಂದ ಮೇಲೆ ಆ ಜೊತೆ ನಾನಾದೆ.

ಐವತ್ತರ ದಶಕದ ನಡುಗಾಲ ಅದು. ಆಂಧ್ರ ರಾಜ್ಯವಾಗಿ ಊರಿನ ಬೋರ್ಡುಗಳೆಲ್ಲ ತೆಲುಗಿಗೆ ತಿರುಗುತ್ತಿದ್ದವು. ನಾಟಕದವರು ಮಾತ್ರ ಎರಡೂ ಭಾಷೆಯವರು ಬರುತ್ತಿದ್ದರು. ಹತ್ತಿಯ ಸುಗ್ಗಿಯಲ್ಲಿ ಬಂದು, ಜಿನ್ನಿಂಗ್ ಮಿಲ್ಲಿನ ಹಿಂದಿನ ತಗಡಿನ ಥೇಟರಿನಲ್ಲಿ ತಿಂಗಳುಗಟ್ಟಲೆ ಆಡುತ್ತಿದ್ದರು. ಅತ್ತೆಗೆ ಭಾಷೆಯ ಹಂಗಿರಲಿಲ್ಲ. "ತೆಲುಗು ಪದ್ಯ ಉಸಿರಿಂದು, ಕನ್ನಡ ಹಾಡು ಕಾಲಿಂದು. ಅಲ್ಲಿ ಉಸಿರು ಹಿಡಿದು ಕುಂದ್ರಬೇಕು, ಇಲ್ಲಿ ಕಾಲು ತಾನಾ ಕುಣೀತಾವು" ಎಂಬುದು ಅವರ ತೀರ್ಮಾನ. ನಾನು ಪರೀಕ್ಷೆ ಮಾಡಿ ನೋಡಿದೆ. ನಿಜ.

ಹಾಡಿನ ಬಗ್ಗೆ ಅವರ ಕಾನೂನುಗಳು ಕಟ್ಟುನಿಟ್ಟು. ಮಾತು ಸೋತಲ್ಲಿ ಹಾಡು ಬರಬೇಕು. ಮಾತಿಗಿಂತ ಮೊದಲೇ ಬಂದರೆ ಅದು "ಉಣ್ಣೋಕ ಮುಂಚೆ ಕೈ ತೊಳಕಂಡಂಗಲ್ಲ, ತೇಗಿದಂಗ". ಬಾಣ ನಾಟಿ ಬಿದ್ದ ರಾಜ ಸಾಯುವ ಮೊದಲು ಹಾಡು ಶುರು ಮಾಡಿದ್ದಕ್ಕೆ ನನ್ನ ಗಂಡ ನಕ್ಕರೆ ಮಗನೆಂದೂ ನೋಡದೆ ಏರಿಹೋದರು. "ಯಾಕ, ಸಾಯೋವಾಗ ಹಾಡಬಾರದು ಅಂತ ಯಾರು ಹೇಳ್ಯಾರ ನಿನಗ? ನಾವು ಬೀಸಾಕ ಹಾಡ್ತೀವಿ, ಕುಟ್ಟಾಕ ಹಾಡ್ತೀವಿ, ಸತ್ತ ಹೆಣದ ಮುಂದ ಕುಂತು ಹಾಡಿಕ್ಯಂತನೇ ಅಳ್ತೀವಿ. ಹಾಡಿಲ್ಲದ್ದು ನಿಮ್ಮ ಗಂಡಸರ ಮಾರ್ಕೆಟ್ಟು ಒಂದೇ." ನನ್ನ ಗಂಡ ಪಂಚೆ ಕೊಡವಿಕೊಂಡು ಎದ್ದು ಹೋದರು.

ಆದರೆ ಅತ್ತೆ ಊರಿಗೆಲ್ಲ ಗೊತ್ತಿದ್ದದ್ದು ವನ್ಸ್‌ಮೋರಿಗೆ. ಹಾಡು ಮುಗಿದ ಕೂಡಲೇ ಜನ "ವನ್ಸ್‌ಮೋರ್" ಎಂದು ಕೂಗುವುದು, ನಟ ಎದೆಯ ಮೇಲೆ ಕೈಯಿಟ್ಟು ಬಾಗಿ ಅದನ್ನೇ ಮತ್ತೆ ಹಾಡುವುದು, ಉಳಿದ ಪಾತ್ರದವರು ಅಲ್ಲಿಯತನಕ ನಿಂತಲ್ಲೇ ನಿಂತಿರುವುದು, ಇದು ಆ ಕಾಲದ ಪದ್ಧತಿ. ಕೂಗುವವರು ಗಂಡಸರು. ಹೆಂಗಸರು ಕೂರುವ ಕಡೆ ಮರೆಗೆ ಕಟ್ಟಿದ ತಡಿಕೆಯ ಹಿಂದಿನಿಂದ ಮೊದಲು ಕೂಗಿದವರು ನಮ್ಮತ್ತೆ. ಮೊದಲು ಊರು ಬಾಯಿ ಬಾಯಿ ಬಡಿದುಕೊಂಡಿತಂತೆ. ಆಮೇಲೆ ಅವರು ಕೂಗಲಿ ಎಂದು ಕಾಯತೊಡಗಿತು. ಅವರು ಕೂಗಿದರೆ ಥೇಟರೇ ಕೂಗುತ್ತಿತ್ತು.

ಇದೇನು ಹುಚ್ಚು ಎಂದು ನನಗೆ ಕುತೂಹಲ. ಒಮ್ಮೆ ಕಾಳು ಆರಿಸುತ್ತ ಕೇಳಿಯೇ ಬಿಟ್ಟೆ. ಮೊರ ಕೆಳಗಿಟ್ಟು, "ಸಿನಿಮಾದಾಗ ಇನ್ನೊಮ್ಮೆ ಹಾಡು ಅಂದ್ರ ಹಾಡ್ತಾನೇನು? ಇಲ್ಲಿ ಹಾಡ್ತಾನ. ತಿರುಗಿ ನೋಡಿ, ಕೈ ಮುಗದು ಹಾಡ್ತಾನ. ಹುಟ್ಟಿದಾಗಿಂದ ನಾ ಬೇಕು ಅಂದಿದ್ದು ಅಂದ ಕೂಡ್ಲೇ ಸಿಕ್ಕಿದ್ದು ಅದೊಂದೇ ಜಾಗದಾಗ ನೋಡವ್ವ" ಎಂದರು. ಹೇಳಿ ಮತ್ತೆ ಕಲ್ಲು ಆರಿಸತೊಡಗಿದರು.

ಆ ವರ್ಷ ಬಂದ ಕಂಪನಿಯ ಮಾಲಕರೇ ನಾಯಕನ ಪಾತ್ರದವರು. ದೊಡ್ಡ ಕಂಠ. ಭಾನುವಾರ ಎರಡು ಆಟ, ಇಳಿಹೊತ್ತಿಗೆ ಒಂದು, ಅದು ಮುಗಿದ ಮೇಲೆ ಇನ್ನೊಂದು. ಒಂದು ಭಾನುವಾರದ ಮೊದಲ ಆಟದಲ್ಲಿ ನಾಯಕ ನಾಯಕಿಯನ್ನು ಬೀಳ್ಕೊಡುವ ಹಾಡು. ಅತ್ತೆ ಕೂಗಿದರು, ಅವರು ಮತ್ತೆ ಹಾಡಿದರು. ಮತ್ತೆ ಕೂಗಿದರು, ಮತ್ತೆ ಹಾಡಿದರು. ಎಲ್ಲಿಯೋ ಒಂದು ಕೂಸು ಕಿರುಚಿ ಅಳುತ್ತಿತ್ತು. ಅತ್ತೆ ತಡಿಕೆಯ ಈಚೆ ತಿರುಗಿ, "ಯಾವಾಕ್ಯವ್ವ ಆಕಿ, ಹಾಡಿನ್ಯಾಗ ಕೂಸು ಅಳಿಸಾಕಿ? ಹೊರಗ ಎತ್ಕಂಡು ಹೋಗಬಾರ್ದಾ!" ಎಂದು ಗದರಿ, ಇನ್ನೊಮ್ಮೆ ವನ್ಸ್‌ಮೋರ್ ಎಂದರು. ಆಗ ಹಾರ್ಮೋನಿಯಂ ಮಾಸ್ತರು ಪೆಟ್ಟಿಗೆಯ ಮುಚ್ಚಳ ಹಾಕಿ ಎದ್ದು ನಿಂತರು. ನಾಯಕ ಚಾಚಿದ ಕೈ ಚಾಚಿದಂತೆಯೇ ಉಳಿಯಿತು. ಮಾಸ್ತರು ಯಾರನ್ನೂ ನೋಡದೆ ಪರದೆಯ ಹಿಂದೆ ನಡೆದುಬಿಟ್ಟರು. ಗದ್ದಲವಾಯಿತು, ಪರದೆ ಬಿತ್ತು, ಆಟ ನಿಂತಿತು.

ಮರುದಿನ ಊರೆಲ್ಲ ಅದೇ ಮಾತು. ಮಾಲಕರು ಮಾಸ್ತರನ್ನು ಕೆಲಸದಿಂದ ತೆಗೆದರಂತೆ. ತಬಲದವರು, ಪರದೆ ಎಳೆಯುವವರು, ಬಣ್ಣ ಹಚ್ಚುವವರು ಎಲ್ಲ, ಮಾಸ್ತರಿಲ್ಲದಿದ್ದರೆ ನಾವೂ ಇಲ್ಲ ಎಂದು ಥೇಟರಿನ ಹೊರಗೆ ಬೇವಿನ ನೆರಳಿಗೆ ಕೂತರಂತೆ. ಥೇಟರ್ ಬಂದ್. "ಅನ್ನ ಹಾಕಿದ ಮಾಲಕನ ಮರ್ಯಾದಿ ತಗದ್ನಲ್ಲ" ಎಂದು ನಮ್ಮ ಮಾವ ಎರಡು ಮಾತಾಡಿದರು. ಅವರ ಲೆಕ್ಕದಲ್ಲಿ ಅದು ಭಾಷಣ. ಅತ್ತೆ ಮಾತ್ರ ಆ ಕಡೆ ಈ ಕಡೆ ಯಾವ ಕಡೆಗೂ ಸೇರಲಿಲ್ಲ. "ಯಾಕ ಎದ್ದ ಆತ? ಅಷ್ಟು ವರ್ಷ ನುಡಿಸಿದಾತ ಸುಮ್‌ಸುಮ್ಕ ಏಳ್ತಾನೇನು? ಅದು ಗೊತ್ತಾಗದಂಗ ನನಗ ನಿದ್ದಿ ಬರೂದುಲ್ಲ" ಎಂದು ನನ್ನ ಕೈ ಹಿಡಿದು ಹಾಡಹಗಲೇ ಥೇಟರಿಗೆ ಹೊರಟರು.

ಪರದೆಯ ಹಿಂದೆ ನಾನು ಕಾಲಿಟ್ಟದ್ದು ಅದೇ ಮೊದಲು. ಸಿಂಹಾಸನ ಎಂದರೆ ಸೀಮೆಎಣ್ಣೆ ಡಬ್ಬಗಳ ಮೇಲೆ ಹೊದಿಸಿದ ಮಿಂಚುಕಾಗದ. ಮುಟ್ಟಿ ನೋಡಿದೆ. ಅದರ ಹಿಂದೆ ಕಂಬದಿಂದ ಕಂಬಕ್ಕೆ ಒಂದು ಜೋಲಿ. ಉದ್ಯಾನವನದ ಹಳೆಯ ಪರದೆಯನ್ನು ಹರಿದು ಕಟ್ಟಿದ ಜೋಲಿ, ಅದರ ತುಂಬ ಬಣ್ಣದ ಗುಲಾಬಿಗಳು. ಒಳಗೆ ಎಳೆಗೂಸು. ಪಕ್ಕದಲ್ಲಿ ನಾಯಕಿಯ ಪಾತ್ರದ ಹುಡುಗಿ, ಬಣ್ಣವಿಲ್ಲದೆ ನನಗಿಂತ ಚಿಕ್ಕವಳಂತೆ ಕಂಡಳು.

"ನಿಂದೇನವ್ವ ಕೂಸು?" ಎಂದರು ಅತ್ತೆ.

"ಹೌದ್ರಿ ಅಮ್ಮ. ನಿನ್ನೆ ನೀವು ಹೊರಗ ಎತ್ಕಂಡು ಹೋಗು ಅಂದ್ರಲ್ಲ, ಅದು ಇದೇ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ, ಇದ್ದದ್ದನ್ನು ಹೇಳಿದಳು. "ಆ ಹಾಡು ಮುಗದ್ರ ನಾ ಒಳಗ ಬಂದು ಹಾಲು ಕುಡಸ್ತೀನಿ. ಹಾಡು ಮುಗೀಲೇ ಇಲ್ಲ. ಮೊದಲ ಆಟ ತಡ ಆದ್ರ ಎರಡ್ನೇ ಆಟದ ಜನ ಗೇಟಿನಾಗ ನಿಂತಿರ್ತಾರ, ಯಾರಿಗೂ ಉಣ್ಣಾಕ ಟೈಮ್ ಇಲ್ಲ. ಅಲ್ಲಿ ನಿಂತೀನಿ, ಅಳೋದು ಕೇಳಿಸ್ತೈತಿ, ರವಿಕಿ ಎಲ್ಲಾ ಒದ್ದಿ. ಸೆರಗು ಎಳಕಂಡು ನಿಂತಿದ್ದೆ. ಮಾಸ್ತರು ನೋಡಿದ್ರು."

ಅತ್ತೆ ಆ ಕಾಗದದ ಸಿಂಹಾಸನದ ಮೇಲೆ ಕೂತುಬಿಟ್ಟರು. "ನಾ ಬರೇ ಹಾಡು ಬೇಡಿದೆ ಅಂತ ತಿಳಕಂಡಿದ್ದೆನಲ್ಲವ್ವಾ" ಎಂದರು. ನಾಟಕ ನೋಡಿ ಅತ್ತದ್ದು ಬಿಟ್ಟರೆ ಅವರ ಕಣ್ಣಲ್ಲಿ ನೀರು ನಾನು ಕಂಡದ್ದು ಅಂದೇ.

ಅಲ್ಲಿಂದೆದ್ದು ನೇರ ಮಾಲಕರ ಮುಂದೆ ನಿಂತರು. ಮಾಸ್ತರ ಕಡೆಯವರು ಕೇಳಿದ್ದೂ ದೊಡ್ಡದೇನಲ್ಲ. ಭಾನುವಾರದ ಮೊದಲ ಆಟಕ್ಕೆ ವನ್ಸ್‌ಮೋರ್ ಬೇಡ, ನಡುವೆ ಉಣ್ಣಲು ಬಿಡುವು ಬೇಕು, ಅಷ್ಟೇ. ಮಾಲಕರು ಕೆಟ್ಟವರಲ್ಲ. ಕೈ ಮುಗಿದು, "ಅಮ್ಮಗಾರೂ, ನಿಮ್ಮಂಥಾ ರಸಿಕರು ಕೇಳಿದ್ರ ನಾ ಎಂಗ ಇಲ್ಲ ಅನ್ಲಿ? ವನ್ಸ್‌ಮೋರ್ ಇಲ್ದ ಊರು ಅಂದ್ರ ಸತ್ತ ಊರು. ಒಂದು ಊರಾಗ ಕೂಗಲಿಲ್ಲ ಅಂದ್ರ ಮುಂದಿನ ಊರಿನ್ಯಾಗ ನನ್ನ ಕರಿಯೋರು ಯಾರು?" ಎಂದರು.

"ನಾವೇ ಕೂಗದಿದ್ರ?"

ಮಾಲಕರು ನಕ್ಕರು. "ನನ್ನ ಹಾಡು ಕೇಳಿ ಆದೋನಿ ಸುಮ್ಮನ ಕುಂದುರ್ತೈತಾ? ಬರೋ ಭಾನುವಾರ ನೋಡೋಣು. ಒಂದು ದನಿ ಏಳದಿದ್ರ ಅವರು ಕೇಳಿದ್ದು ಕೊಡ್ತೀನಿ, ಮಾಸ್ತರೂ ಇರ್ಲಿ. ಒಂದೇ ಒಂದು ದನಿ ಎದ್ರ, ಮಾಸ್ತರು ಗಂಟುಮೂಟಿ ಕಟ್ಟಬೇಕು." ಹೊರಗೆ ಕೂತವರೂ ಒಪ್ಪಿದರು. ಬೇರೆ ದಾರಿಯೂ ಇರಲಿಲ್ಲ.

ಆ ವಾರ ನಮ್ಮ ಮನೆಯಲ್ಲಿ ಸಾರಿಗೆ ಉಪ್ಪಿರಲಿಲ್ಲ, ಪಲ್ಯಕ್ಕೆ ಖಾರವಿರಲಿಲ್ಲ. ಅತ್ತೆ ನನ್ನನ್ನು ಎಳೆದುಕೊಂಡು ನಲ್ಲಿಕಟ್ಟೆಗೆ, ಬಳೆ ಅಂಗಡಿಗೆ, ಜಿನ್ನಿಂಗ್ ಮಿಲ್ಲಿನ ಬಾಗಿಲಿಗೆ ತಿರುಗಿದರು. ಹೆಂಗಸರಿಗೆ ಕೂಸಿನ ಮಾತು ಹೇಳಿದರೆ ಸಾಕಾಗುತ್ತಿತ್ತು. ಗಂಡಸರದ್ದೇ ಕಷ್ಟ. ನೆಲದ ಮೇಲೆ ಕೂತು ನೋಡುವ ಹತ್ತಿ ಹಮಾಲರು ಥೇಟರಿನ ಅರ್ಧ ಗಂಟಲು. ಅವರ ಹಿರಿಯ ಹೇಳಿದ್ದು ಇನ್ನೂ ನೆನಪಿದೆ. "ಅವ್ವಾರೆ, ನಾವು ಹೊರೋ ಮಂದಿ, ಇನ್ನೊಬ್ಬರ ಹೊರಿ ನಮಗ ತಿಳೀತೈತಿ. ಆದ್ರ ಹಾಡು ಚಂದ ಬಂದ್ರ ಬಾಯಿ ತಾನಾ ತೆರೀತೈತಲ್ರಿ, ಅದಕ್ಕೇನ್ ಮಾಡದು?"

"ಬಾಯಿ ತುಂಬಾ ಎಲಿ ಅಡಕಿ ತುಂಬ್ಕಂಡು ಕುಂದರ್ರಿ. ಉಗಳಾಕ ಜಾಗ ಇರಬಾರ್ದು ನೋಡ್ರಿ, ಹಂಗ" ಎಂದರು ಅತ್ತೆ.

ಭಾನುವಾರ ತಗಡಿನ ಥೇಟರ್ ಕಿಕ್ಕಿರಿದಿತ್ತು. ನೆಲದ ಮೇಲೆ ಕೂತವರೆಲ್ಲರ ಒಂದೊಂದು ಕೆನ್ನೆ ಉಬ್ಬಿತ್ತು. ನಗು ತಡೆಯಲಾಗದೆ ನಾನು ಸೆರಗು ಕಚ್ಚಿದೆ. ಅತ್ತೆಯೂ ಬೋಳು ಕಿವಿ, ತುಂಬಿದ ಬಾಯಿಯಲ್ಲಿ ಕೂತಿದ್ದರು. ಮಾಸ್ತರು ಬಂದು ಹಾರ್ಮೋನಿಯಂ ಮುಂದೆ ಕೂತು, ನಮ್ಮ ಕಡೆ ತಲೆ ಎತ್ತದೆ ಮುಚ್ಚಳ ತೆಗೆದರು.

ಬೀಳ್ಕೊಡುವ ಹಾಡು ಬಂತು. ಏನು ಹೇಳಲಿ, ಆ ದಿನ ಮಾಲಕರು ಹಾಡಿದಂತೆ ಆಮೇಲೆ ಯಾರೂ ಹಾಡಿದ್ದನ್ನು ನಾನು ಕೇಳಿಲ್ಲ. ಹಟಕ್ಕೆ ಹಾಡಿದರೋ, ಹೆದರಿ ಹಾಡಿದರೋ, ದನಿ ಮೇಲೆ ಮೇಲೆ ಹೋಗಿ ತಗಡಿಗೆ ತಾಗಿ ನಮ್ಮ ತಲೆಯ ಮೇಲೆ ಸುರಿಯಿತು. ನಾಟಕದ ಹುಚ್ಚಿಲ್ಲದ ನನಗೇ ಮೈ ಜುಂ ಎಂದಿತು. ಮುಗಿಯಿತು. ನಾಯಕ ಎದೆಯ ಮೇಲೆ ಕೈಯಿಟ್ಟು ನಿಂತರು. ಹೆಂಗಸರ ತಡಿಕೆಯ ಕಡೆಗೇ ನೋಡಿದರು.

ಒಂದು ದನಿಯಿಲ್ಲ. ಪರದೆಯ ಹಿಂದಿನಿಂದ ಕೂಸಿನ ಅಳು ಮಾತ್ರ. ಹಿಂದಿನ ಬೆಂಚಿನಲ್ಲಿ ಹತ್ತಿ ಕೊಳ್ಳಲು ಬಂದಿದ್ದ ಪರವೂರಿನ ಸಾಹುಕಾರನೊಬ್ಬ "ವನ್ಸ್" ಎನ್ನಲು ಬಾಯಿ ತೆರೆಯುವಷ್ಟರಲ್ಲಿ, ಅದಕ್ಕೆಂದೇ ಹಿಂದೆ ನಿಂತಿದ್ದ ಒಬ್ಬ ಹಮಾಲ ಅಂಗೈಯಿಂದ ಆತನ ಬಾಯನ್ನೇ ಮುಚ್ಚಿಬಿಟ್ಟ. ನಾನು ಅತ್ತೆಯತ್ತ ನೋಡಿದೆ. ಎರಡೂ ಕೈಗಳಿಂದ ಬಾಯಿ ಒತ್ತಿ ಹಿಡಿದಿದ್ದರು, ಕಣ್ಣಿಂದ ನೀರು ಧಾರೆ. ಅವರ ಮೈ ಇಡೀ ಆ ಹಾಡು ಬೇಕು ಬೇಕು ಎನ್ನುತ್ತಿತ್ತು. ನಾಯಕ ಇನ್ನೂ ಸ್ವಲ್ಪ ಕಾದರು. ಆಮೇಲೆ ಕೈ ಇಳಿಸಿ ಮುಂದಿನ ಮಾತು ಆಡಿದರು. ನಾಯಕಿ ಬಾಗಿ ನಮಸ್ಕರಿಸಿ ಒಳಗೆ ಹೋದಳು. ಅಳು ನಿಂತಿತು. ಅದು ನಿಂತದ್ದನ್ನು ಇಡೀ ಥೇಟರ್ ಕೇಳಿಸಿಕೊಂಡಿತು.

ಮಾಲಕರು ಮಾತಿಗೆ ತಪ್ಪಲಿಲ್ಲ. ಆಟ ಮುಗಿದ ಮೇಲೆ ಬಣ್ಣದಲ್ಲೇ ಬಂದು, "ಗೆದ್ದಿರಿ ಅಮ್ಮಗಾರೂ" ಎಂದರು. "ಗೆಲ್ಲೋದೇನು ಬಂತೋ ಯಪ್ಪಾ! ಅಂಥಾ ಹಾಡು ಒಂದೇ ಸಲ ಕೇಳಿ ಹೊಂಟೀನಿ, ಹೊಟ್ಟಿ ಉರೀತೈತಿ ನನಗ" ಎಂದರು ಅತ್ತೆ. ಇಬ್ಬರೂ ನಕ್ಕರು, ಇಬ್ಬರ ಕಣ್ಣೂ ಒದ್ದೆ. ಅಂದಿನಿಂದ ಅತ್ತೆ ಎರಡನೆಯ ಆಟಕ್ಕೆ ಹೋಗತೊಡಗಿದರು. ಅಲ್ಲಿಯೂ ಕೂಗುವ ಮೊದಲು ನನ್ನನ್ನು ಹಿಂದಕ್ಕೆ ಕಳಿಸಿ, "ಕೂಸು ಮಲಗೈತೇನು ನೋಡಿ ಬಾ" ಎನ್ನುತ್ತಿದ್ದರು.

ಕಂಪನಿ ಊರು ಬಿಟ್ಟ ಮರುವರ್ಷ ನನಗೆ ಮೊದಲ ಮಗು. ನಮ್ಮಲ್ಲಿ ಗಂಡಸರಿಗೆ ರೊಟ್ಟಿ ಒಲೆಯಿಂದ ನೇರ ತಟ್ಟೆಗೆ ಬರಬೇಕು, ಅವರು ಕೈ ತೊಳೆಯುವತನಕ ಸೊಸೆ ಒಲೆಯ ಮುಂದಿಂದ ಏಳುವಂತಿಲ್ಲ. ಒಂದು ದಿನ ನಂದವರಂನ ಬೀಗರು ಬಂದು ಊಟಕ್ಕೆ ಕೂತಿದ್ದರು. ನಾನು ರೊಟ್ಟಿ ಬಡಿಯುತ್ತಲೇ ಇದ್ದೇನೆ, ಒಳಗೆ ಮಗು ಅಳುತ್ತಲೇ ಇದೆ. "ಇನ್ನೊಂದು ಬಿಸೀದು ಬರ್ಲಿ" ಎಂದರು ಬೀಗರು. ಅತ್ತೆ ನನ್ನ ಕೈಯಿಂದ ಹಿಟ್ಟು ಕಿತ್ತುಕೊಂಡರು. "ಏಳು, ಹೋಗು ಒಳಗ" ಎಂದು ನನಗೆ ಹೇಳಿ, ನಡುಮನೆಗೆ ಕೇಳುವಂತೆ, "ಕೂಸು ಅಳಾಕತ್ತೈತ್ರಿ. ಆರಿದ ರೊಟ್ಟಿ ಅದಾವು, ತಿಂದು ಏಳ್ರಿ" ಎಂದರು. ನಮ್ಮ ಮಾವ ಆರಿದ ರೊಟ್ಟಿ ಮುರಿದರು. ಆಮೇಲೆ ಬೀಗರೂ ಮುರಿದರು.

ಅತ್ತೆ ತೀರಿಕೊಂಡಾಗ ನನಗೆ ಮೂವರು ಮಕ್ಕಳು. ಅವರಿಗೆ ನನ್ನಿಂದ ಏನನ್ನೂ ಹಿಂದಿರುಗಿಸಲು ಆಗಲಿಲ್ಲ, ಅದೊಂದು ನನಗೆ ಸಂಕಟವೇ. ಆದರೆ ಅವರಿದ್ದಷ್ಟು ದಿನ ಆ ಮನೆಯಲ್ಲಿ ನನ್ನ ಯಾವ ಮಗುವೂ ಹಾಲಿಗಾಗಿ ಅತ್ತು ಅತ್ತು ಸೋತು ಮಲಗಿದ್ದಿಲ್ಲ.